ಮೇಲಿನ ಮನೆಯ ಪಾಠ, ಕೆಳಗಿನ ಮನೆಯ ಟಿವಿ

ಕೊನೆಯ ಓವರ್. ಗೆಲ್ಲಲು ಎಂಟು ರನ್ ಬೇಕು. (ಎಂಟಲ್ಲ, ಆರು ಎನ್ನುತ್ತಾರೆ ನನ್ನ ಗಂಡ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ಬಿಡಿ.) ಬೌಲರ್ ಓಡಿ ಬರುತ್ತಿದ್ದಾನೆ. ಇದ್ದಕ್ಕಿದ್ದಂತೆ ಪಿಚ್ಚೇ ಮಾಯ! ಟಿವಿಯಲ್ಲಿ ಕೋಟು ತೊಟ್ಟ ಹೆಂಗಸೊಬ್ಬಳು ನಿಂತಿದ್ದಾಳೆ. "ಗುಡ್ ಮಾರ್ನಿಂಗ್ ಸರ್. ಹೌ ಮೇ ಐ ಹೆಲ್ಪ್ ಯೂ?"

ನಮ್ಮ ಸೋಫಾದಲ್ಲಿದ್ದ ಬಸವರಾಜ ಹೌಹಾರಿದ. ಗದಗದ ಕಡೆಯವನು. ಬೆಂಗಳೂರಿನ ಹೂಡಿಯ ನಮ್ಮ ಮನೆಯ ಮೇಲಿನ ಒಂದೇ ಕೋಣೆಯಲ್ಲಿ ಹೆಂಡತಿ ರೇಣುಕಾಳ ಜೊತೆ ಬಾಡಿಗೆಗಿದ್ದಾನೆ. ಅಲ್ಲಿ ಟಿವಿ ಇಲ್ಲ. ಹಾಗಾಗಿ ಮ್ಯಾಚ್ ಇದ್ದರೆ ನಮ್ಮಲ್ಲಿ ಹಾಜರ್.

"ಅಕ್ಕಾರ, ಚಾನೆಲ್ ಬದಲಿಸಿದ್ರೇನ್ರಿ?"

ನಾನು ರಿಮೋಟ್ ಮುಟ್ಟಿರಲೇ ಇಲ್ಲ. ಹೆಂಗಸು ಅದೇ ಮಾತನ್ನು ಮತ್ತೆ ಹೇಳಿದಳು. ಮತ್ತೊಮ್ಮೆ. ದನಿ ಏರುತ್ತಲೇ ಹೋಯಿತು.

ಅಷ್ಟರಲ್ಲಿ ರೇಣುಕಾ ಫೋನ್ ಹಿಡಿದು ಮೆಟ್ಟಿಲಿಳಿದು ಬಂದಳು. "ಅಕ್ಕಾರ, ನನ್ನ ಫೋನಿನ ದನೀನ ಹೋಗೇತ್ರಿ. ಎಷ್ಟ್ ಸೌಂಡ್ ಏರಿಸಿದ್ರೂ..." ಟಿವಿ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ದನಿ ಇಲ್ಲೈತಿ, ಬಾ" ಎಂದ ಬಸವರಾಜ.

ಆದದ್ದಿಷ್ಟು. ಊರಿನಲ್ಲಿರುವ ಅವ್ವನ ಜೊತೆ ವಿಡಿಯೋದಲ್ಲಿ ಮಾತಾಡಲಿ ಎಂದು ರೇಣುಕಾಳಿಗೆ ನಮ್ಮ ವೈ-ಫೈ ಪಾಸ್‌ವರ್ಡ್ ಕೊಟ್ಟಿದ್ದೆ. ನಮ್ಮ ಟಿವಿಯೂ ಅದೇ ವೈ-ಫೈಯಲ್ಲಿದೆ. ಅವಳ ಬೆರಳು ಫೋನಿನಲ್ಲಿ ಯಾವುದೋ ಗುರುತನ್ನು ಒತ್ತಿದೆ, ಅವಳು ನೋಡುತ್ತಿದ್ದ ಇಂಗ್ಲಿಷ್ ಪಾಠ ಸೀದಾ ನಮ್ಮ ಟಿವಿಗೆ ಇಳಿದಿದೆ.

"ಏನಿದು?" ಬಸವರಾಜ ಹೆಂಡತಿಯನ್ನು ಕೇಳಿದ.

"ಸೋಮವಾರ ಇಂಟರ್‌ವ್ಯೂ ಐತ್ರಿ. ಹೋಟೆಲ್ ರಿಸೆಪ್ಷನ್‌ದು."

"ನನಗ್ಯಾಕ ಹೇಳಿಲ್ಲ?"

"ಹೊಲಿಗಿ ಕ್ಲಾಸಿಗೆ ಹೋಗ್ತೀನಿ ಅಂದಾಗ ನೀವು ನಕ್ಕಿದ್ರಿ. ನಾ ಬಿಟ್ಟೆ. ಇದನ್ನ ಬಿಡಂಗಿಲ್ಲ."

ಅವಳು ಜೋಪಾನ ಮಾಡಿಕೊಂಡಿದ್ದ ಗುಟ್ಟು. ಅದನ್ನು ರಟ್ಟು ಮಾಡಿದ್ದು ಯಾರು? ನನ್ನ ಔದಾರ್ಯ! ಗಾಬರಿಯಲ್ಲಿ ಮತ್ತೆ ಮ್ಯಾಚ್ ಹಾಕಲು ರಿಮೋಟ್ ಎತ್ತಿದೆ.

"ಇರ್ಲಿ ಬಿಡ್ರಿ ಅಕ್ಕಾರ" ಎಂದ ಬಸವರಾಜ. ಸರಿದು ಕೂತು ಹೆಂಡತಿಗೆ ಜಾಗ ಮಾಡಿದ. "ಪಾಠ ಮುಗೀಲಿ. ಲೇ, ನಾ ಹೋಟೆಲಿಗೆ ಬಂದ ಸಾಹೇಬ. ಮಾತಾಡ್ಸು ನೋಡೂಣು."

ಅವಳು ಮಾತಾಡಿಸಿದಳು. ದನಿ ನಡುಗುತ್ತಿತ್ತು ಎಂದು ನನ್ನ ನೆನಪು. ನಗುತ್ತಿದ್ದಳು ಎಂದು ನನ್ನ ಗಂಡನ ನೆನಪು. ಎರಡೂ ಇದ್ದಿರಬಹುದಲ್ಲವೇ?

ಮರುದಿನ ಕಥೆ ಕೇಳಿದ ನನ್ನ ತಮ್ಮ (ಕಂಪ್ಯೂಟರ್ ನೆಟ್‌ವರ್ಕ್ ಕೆಲಸದವನು) ಸರಿಯಾಗಿ ಬೈದ. "ಅಕ್ಕಾ, ಪಾಸ್‌ವರ್ಡ್ ಕೊಡೋದು ಅಂದ್ರೆ ಒಂದು ಲೋಟ ಸಕ್ಕರೆ ಕೊಟ್ಟಂಗಲ್ಲ ಕಣೇ. ಅದು ಕೈಯಿಂದ ಕೈಗೆ ಹೋಗುತ್ತೆ. ಯಾರೋ ಏನೋ ಕಿತಾಪತಿ ಮಾಡಿದ್ರೆ ಪೊಲೀಸ್ರು ಬಡಿಯೋದು ನಿನ್ನ ಮನೆ ಬಾಗಿಲು!"

ಒಪ್ಪಿದೆ. ಅವಳ ಗುಟ್ಟು ಕೆಳಗಿಳಿದ ದಾರಿಯಲ್ಲಿ ನಮ್ಮ ಮನೆಯ ಇನ್ನೇನೇನು ಮೇಲೇರಿದೆಯೋ? ತಮ್ಮ ಮೇಲಿನ ಮನೆಗೆಂದೇ ಪ್ರತ್ಯೇಕ ಗೆಸ್ಟ್ ವೈ-ಫೈ ಮಾಡಿಕೊಟ್ಟ. ಪಾಸ್‌ವರ್ಡೂ ಬೇರೆ. ಅವರಿಗೆ ಇಂಟರ್‌ನೆಟ್ ಸಿಗುತ್ತದೆ, ಅವರ ಫೋನಿಗೆ ನಮ್ಮ ಟಿವಿ ಕಾಣುವುದಿಲ್ಲ. ನೆಮ್ಮದಿ.

ಸಂಜೆ ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ!

"ಅಕ್ಕಾರ, ಪಾಠ ಟಿವಿಗೆ ಬರವಲ್ದು ನೋಡ್ರಿ" ಎಂದ ಬಸವರಾಜ. "ಸೋಮವಾರದ ಮಟ ನೀವ ಹಾಕಿಕೊಡ್ರಿ, ನಾವಿಬ್ರೂ ಇಲ್ಲೇ ಕುಂತು ನೋಡ್ತೀವಿ. ದೊಡ್ಡ ಪರದೆ ಮುಂದ ಆಕಿ ಭಾಳ ಛಲೋ ಮಾತಾಡ್ತಾಳ್ರಿ."

ವೈ-ಫೈಗೇನೋ ಬೇಲಿ ಹಾಕಿದ್ದಾಯಿತು. ಸೋಫಾಗೆ ಯಾವ ಪಾಸ್‌ವರ್ಡ್ ಇಡೋಣ?