ಹನ್ನೊಂದನೆಯ ಕೋಳಿ

ಅಟ್ಟದ ಮೇಲಿಂದ ಬುಟ್ಟಿ ಇಳಿಸುವಾಗ ತಳದಲ್ಲಿದ್ದ ಬೂದಿ ಮುಖದ ಮೇಲೆ ಬಿತ್ತು. ಬೂದಿಯ ಜೊತೆ ಒಣಗಿದ ಬೇವಿನೆಲೆಯ ವಾಸನೆ. ಕಾವಿಗೆ ಕೂತ ಕೋಳಿಗೆ ಹೇನು ಹತ್ತಬಾರದೆಂದು ಅಕ್ಕ ತಳಕ್ಕೆ ಇವೆರಡನ್ನೂ ಹಾಕಿ ಮೇಲೆ ಹುಲ್ಲು ಹರಡುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ವಾಸನೆ ಇನ್ನೂ ಹೋಗಿಲ್ಲ... ಬುಟ್ಟಿ ಹಿಡಿದುಕೊಂಡು ಏಣಿಯ ಮೇಲೆಯೇ ನಿಂತುಬಿಟ್ಟೆ.

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವನು, ಬರೆಯುವ ರೂಢಿ ಇಲ್ಲ. ಬಾಯಿಂದ ಹೇಳಲಾಗದ್ದನ್ನು ಬರೆದು ನೋಡುತ್ತಿದ್ದೇನೆ.

ಗಂಡ ತೀರಿದ ಮೇಲೆ ಅಕ್ಕ ಯಮಕನಮರಡಿಯಿಂದ ಮೂಡಲಗಿಗೆ, ನನ್ನ ಮನೆಗೆ ಬಂದಳು. ಕೈಯಲ್ಲಿ ಒಂದು ಟ್ರಂಕು, ಬಗಲಲ್ಲಿ ಒಂದು ಕೋಳಿ. ಹುಕ್ಕೇರಿಯಲ್ಲಿ ಹತ್ತಿದ ಬಸ್ಸಿನ ಕಂಡಕ್ಟರ್ ಕೋಳಿಗೂ ಅರ್ಧ ಟಿಕೆಟ್ ಹರಿದನಂತೆ. ಟಿಕೆಟ್ ಇದ್ದ ಮೇಲೆ ಅದಕ್ಕೂ ಸೀಟು ಬೇಕೆಂದು ಇವಳು ಗೋಕಾಕದವರೆಗೆ ಅದನ್ನು ಕಿಟಕಿಯ ಬದಿಗೆ ಕೂಡಿಸಿಕೊಂಡು ಬಂದಳಂತೆ. ಇದನ್ನು ಹೇಳಿ ಹೇಳಿ ನಗುತ್ತಿದ್ದಳು. ನನಗೆ ಮದುವೆ ಕೂಡಿ ಬಂದಿರಲಿಲ್ಲ, ಮನೆಯಲ್ಲಿ ನಾವಿಬ್ಬರೇ. ಹಿತ್ತಲ ಕಡೆಯ ಖೋಲಿ ಅವಳದಾಯಿತು. ಎರಡು ವರ್ಷದಲ್ಲಿ ಆ ಒಂದು ಕೋಳಿ ಹೋಗಿ ಹನ್ನೊಂದಾದವು.

ನನ್ನದು ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಒಂದು ಕೋಳಿ ತತ್ತಿ ಇಟ್ಟು ಕೂಗುತ್ತಿತ್ತು, ಅದು ಸುಮ್ಮನಾದರೆ ಇನ್ನೊಂದು. ನಿದ್ದೆ ಇಲ್ಲದೆ ತಲೆ ಕೆಟ್ಟುಹೋಗಿತ್ತು. ಅಕ್ಕನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತವರಿಗೆ ಬಂದ ಅಕ್ಕನ ಕೋಳಿ ತಮ್ಮನಿಗೆ ಭಾರವಾದವು ಎಂದು ಗಲ್ಲಿಯವರು ಆಡಿಕೊಂಡಾರು ಎಂಬ ಅಂಜಿಕೆ.

ಅದೇ ವಾರ ಅವಳು ಒಂದು ಕೋಳಿಯನ್ನು ಕಾವಿಗೆ ಕೂಡಿಸಿದಳು, ತನ್ನ ಖೋಲಿಯೊಳಗೆ ಮಂಚದ ಕೆಳಗೆ. ಕಾವಿನ ಕೋಳಿಯ ಮೇಲೆ ಪರರ ಕಣ್ಣು ಬೀಳಬಾರದು ಎನ್ನುತ್ತಿದ್ದಳು. ಇದ್ದಿಲಿನಿಂದ ಗುರುತು ಹಾಕಿದ ಹದಿಮೂರು ತತ್ತಿ ತಂದು ನನ್ನ ಮುಂದೆ ಹಿಡಿದಳು.

“ನೀನ ಇಡೊ ತಮ್ಮಾ. ನಿನ್ನ ಕೈಗುಣ ಛಲೋ ಐತಿ.”

ಇಟ್ಟೆ. ಮೂರು ದಿನದ ಮೇಲೆ ಪುರಸಭೆಯ ಎದುರು ಅರ್ಜಿ ಬರೆದುಕೊಡುವವನ ಬಳಿ ಹೋದೆ. ವಸತಿ ಪ್ರದೇಶದಲ್ಲಿ ಕೋಳಿ ಸಾಕಿದ್ದಾರೆ, ಹೊಲಸು, ಗದ್ದಲ ಎಂದು ಬರೆಸಿದೆ. ಸಹಿಯ ಜಾಗದಲ್ಲಿ ‘ಗಲ್ಲಿಯ ನಿವಾಸಿಗಳು’ ಎಂದಷ್ಟೇ. ಎಷ್ಟು ಕೋಳಿ ಎಂದು ಅವನು ಕೇಳಿದ. ಹನ್ನೊಂದು ಎಂದೆ.

ಪುರಸಭೆಯಿಂದ ಒಬ್ಬ ಮನುಷ್ಯ ಬಂದ, ಒಳ್ಳೆಯವನೇ. “ತಕರಾರ ಕೊಟ್ಟವ್ರು ಹಿಂದಕ್ಕ ತಗೊಂಡ್ರ ನಮ್ಮದೇನೂ ಇಲ್ರಿ ಬಾಯಾರ. ಇಲ್ಲಂದ್ರ ಸೋಮವಾರ ಬಂದು ಎಣಿಸಿ, ಕೋಳಿ ತಗಸಬೇಕಾಗ್ತೇತಿ,” ಎಂದು ಹೋದ.

ಅಂದಿನಿಂದ ಅಕ್ಕನ ಕಣ್ಣು ಬದಲಾದವು. ಬರೆದವರು ಯಾರೆಂದು ಗೊತ್ತಾದರೆ ಕಾಲು ಹಿಡಿದಾದರೂ ಅರ್ಜಿ ಹಿಂದೆ ತೆಗೆಸುತ್ತೇನೆ ಎಂದಳು. ಗಿರಣಿಯವನು ತನ್ನನ್ನು ಕಂಡೊಡನೆ ಕೆಮ್ಮಿದ್ದೇಕೆ? ಮೂಲೆಮನೆಯವಳು ಕಿಟಕಿ ಹಾಕಿಕೊಂಡಿದ್ದೇಕೆ? ಕೊನೆಗೆ ಅವಳೇ ಒಂದು ಉಪಾಯ ಹುಡುಕಿದಳು. ಮನೆಮನೆಗೆ ಎರಡೆರಡು ತತ್ತಿ ಕೊಡುವುದು, ಮನಸ್ಸಿನಲ್ಲಿ ಕಳ್ಳತನ ಇದ್ದವರ ಕೈ ಮುಂದೆ ಬರುವುದಿಲ್ಲ. ತತ್ತಿಯ ಡಬ್ಬಿ ಹಿಡಿದುಕೊಂಡು ಅವಳ ಹಿಂದೆ ತಿರುಗಿದವನು ನಾನೇ. ಅವಳು ಎಲ್ಲರ ಬೆರಳು ನೋಡುತ್ತಿದ್ದಳು. ಡಬ್ಬಿ ಹಿಡಿದ ಬೆರಳನ್ನು ಮಾತ್ರ ನೋಡಲಿಲ್ಲ.

ಎಲ್ಲರೂ ತೆಗೆದುಕೊಂಡರು. ಬಾಜೂ ಮನೆಯ ಟೇಲರನ ಹೆಂಡತಿ ಒಬ್ಬಳೇ, ಇಂಥ ಹೊತ್ತಿನಲ್ಲಿ ನಿಮಗೇ ಬೇಕಾಗುತ್ತವೆ, ಇಟ್ಟುಕೊಳ್ಳಿ ಎಂದಳು. ಮರುಕದಿಂದ ಅಂದದ್ದು, ನನಗೆ ಆಗಲೇ ತಿಳಿದಿತ್ತು. ಆದರೂ ಮನೆಗೆ ಬಂದ ಮೇಲೆ ನಾನು ಬಾಯಿ ಬಿಟ್ಟೆ.

“ಎಲ್ಲಾರೂ ತಗೊಂಡ್ರು. ಅಕಿ ಒಬ್ಬಾಕಿ ಯಾಕ ಬ್ಯಾಡಂದ್ಲು?”

ಅಷ್ಟೇ ಸಾಕಾಯಿತು. ಎರಡು ಹಿತ್ತಲುಗಳ ನಡುವಿನ ಸಣ್ಣ ಬಾಗಿಲಿಗೆ ಅಕ್ಕ ಅಗುಳಿ ಹಾಕಿದಳು. ಮರುದಿನ ಆ ಹೆಣ್ಣುಮಗಳು ಕರಿಬೇವು ಹಿಡಿದುಕೊಂಡು ಬಂದು, ಬಾಗಿಲು ದೂಡಿ ನೋಡಿ, ಏನೂ ತಿಳಿಯದೆ ಹಿಂದಿರುಗಿದಳು. ನಾನು ಅಲ್ಲೇ ಹಲ್ಲುಜ್ಜುತ್ತಿದ್ದೆ.

ಸೋಮವಾರ ಪುರಸಭೆಯವನು ಬಂದ. ಗಲ್ಲಿಯೆಲ್ಲ ಹಿತ್ತಲಲ್ಲಿ ಕೂಡಿತ್ತು. ಅವನು ಎರಡು ಸಲ ಎಣಿಸಿದ.

“ಹನ್ನೊಂದ ಅಂತ ಬರದಾರ. ಇಲ್ಲಿ ಹತ್ತ ಅದಾವಲ್ರಿ.”

“ಬರದಾಂವಗ ಎಣಿಸಾಕ ಬರೂದಿಲ್ಲ ಬಿಡ್ರಿ,” ಎಂದ ಟೇಲರ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಕ್ಕ ನಗಲಿಲ್ಲ. ತನ್ನ ಖೋಲಿಗೆ ಹೋಗಿ, ನನ್ನ ಹೊರತು ಯಾರಿಗೂ ತೋರಿಸದೆ ಇಟ್ಟಿದ್ದ ಆ ಬುಟ್ಟಿಯನ್ನು ತಾನೇ ಎತ್ತಿಕೊಂಡು ಬಂದು ಎಲ್ಲರ ನಡುವೆ ಇಟ್ಟಳು.

“ಹನ್ನೊಂದ ಅದಾವ್ರಿ ಸಾಹೇಬ್ರ. ಬರದವ್ರು ಖರೇನ ಬರದಾರ.”

ಆಗ ಒಂದು ಸಲ ನನ್ನ ಕಡೆ ನೋಡಿದಳು. ಅರ್ಜಿ ಹಿಂದೆ ತೆಗೆದುಕೊಳ್ಳಲು ಆಗಲೂ ಹೊತ್ತಿತ್ತು... ನಾನು ಬಾಯಿ ತೆರೆಯಲಿಲ್ಲ.

ಮರಿ ಒಡೆದು ಬರುವ ತನಕ ಕಾವಿನ ಕೋಳಿ ಇರಲಿ ಎಂದು ಪುರಸಭೆಯವನು ಬಿಟ್ಟುಕೊಟ್ಟ. ಉಳಿದ ಹತ್ತನ್ನು ಅಕ್ಕ ಗೋಕಾಕದ ಸಂತೆಗೆ ಒಯ್ದಳು. ಬಂದವಳೇ ಹಿತ್ತಲ ಬಾಗಿಲ ಅಗುಳಿ ತೆಗೆದು, ಟೇಲರನ ಹೆಂಡತಿಯ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ನನಗೆ ಏನೂ ಅನ್ನಲಿಲ್ಲ. ಬಿಸಿ ರೊಟ್ಟಿ ಮೊದಲಿನಂತೆಯೇ ಬೀಳುತ್ತಿದ್ದವು ತಾಟಿಗೆ. ಹದಿಮೂರಕ್ಕೆ ಹದಿಮೂರೂ ಮರಿಯಾದವು. ಅದನ್ನು ಅವಳು ನನಗೆ ಹೇಳಲಿಲ್ಲ, ಬಾಜೂ ಮನೆಯಿಂದ ತಿಳಿಯಿತು. ಮರಿಗಳನ್ನು ತಾಯಿಯ ಸಮೇತ ಯಾರಿಗೋ ಕೊಟ್ಟುಬಿಟ್ಟಳು. ಮತ್ತೆ ಕೋಳಿ ಸಾಕಲಿಲ್ಲ. ನನಗೆ ನಿದ್ದೆ ಚೆನ್ನಾಗಿ ಬಂತು. ನನ್ನ ಮೇಲೆ ನನಗಿರುವ ಸಿಟ್ಟು ಅದೇ.

ಆಮೇಲೆ ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದೆವು. ನಾನು ಹೇಳಲಿ ಎಂದು ಅವಳು ಕಾದಳೋ, ಹೇಳದಿರಲಿ ಎಂದು ಕಾದಳೋ...

ಮೊನ್ನೆ ಟೇಲರನ ಮನೆಯ ಹೊಸ ಸೊಸೆ ಬಂದಿದ್ದಳು. ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಬೇಕೆಂದಿದ್ದಾಳೆ. ಮೊದಲೇ ಎಲ್ಲರನ್ನೂ ಕೇಳಿಬಿಡು ಎಂದು ಅತ್ತೆ ಹೇಳಿದ್ದಾಳಂತೆ.

“ನಿಮ್ಮದೇನ ತಕರಾರ ಇಲ್ಲಲ್ರಿ ಕಾಕಾ?”

ಇಲ್ಲ ಎಂದೆ. ಹಳೆಯ ಬುಟ್ಟಿ ಇದ್ದರೆ ಕೊಡಿ ಎಂದಳು, ಅದಕ್ಕೇ ಅಟ್ಟ ಹತ್ತಿದ್ದೆ. ಬುಟ್ಟಿ ಕೊಡುವಾಗ ಅವಳು ಇನ್ನೊಂದು ಮಾತು ಹೇಳಿದಳು.

“ತತ್ತಿ ನೀವ ಬಂದು ಇಡಬೇಕ್ರಿ. ನಿಮ್ಮ ಅಕ್ಕಾರು ಯಾವಾಗ್ಲೂ ಅಂತಿದ್ರಂತ, ತಮ್ಮನ ಕೈಗುಣ ಛಲೋ ಅಂತ.”

ನಾಳೆ ಬರುತ್ತೇನೆ ಎಂದಿದ್ದೇನೆ. ಮೂರು ದಿನದಿಂದ ನಾಳೆ ಎನ್ನುತ್ತಿದ್ದೇನೆ. ಯಾವಾಗಲೂ ಎಂದರೆ, ಆ ಸೋಮವಾರದ ನಂತರವೂ ಅನ್ನುತ್ತಿದ್ದಳೇ? ಇದೊಂದನ್ನು ಕೇಳಬೇಕಿತ್ತು... ಕೇಳಲು ಅಕ್ಕ ಇಲ್ಲ.