ಸುಬ್ರಾಯಣ್ಣನ ಬಾವಿಯಲ್ಲಿ ತಾಮ್ರ ಇರಲಿಲ್ಲ

ಸುಬ್ರಾಯಣ್ಣ, ನಿಮ್ಮ ಬಾವಿಯ ನೀರಿನಲ್ಲಿ ದೋಷ ಇರಲಿಲ್ಲ. ಇದೆ ಎಂದು ಕೇರಿಯವರೆಲ್ಲರ ಎದುರು ಹೇಳಿದವಳು ನಾನು. ಇಲ್ಲವೆಂದು ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡವಳೂ ನಾನೇ. ಮೊದಲನೆಯದನ್ನು ತಪ್ಪು ಎನ್ನಬಹುದು. ಎರಡನೆಯದು — ಅದು ಅನ್ಯಾಯ.

ನಾನು ಅಳುಕಿನ ಹೆಂಗಸಲ್ಲ. ಕುಮಟಾದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಗಟ್ಟಿ ದನಿಯವಳು. ಕೊನೆಯ ಬೆಂಚಿನವರೂ ನನ್ನ ಪಾಠದಲ್ಲಿ ತೂಕಡಿಸುವುದಿಲ್ಲ. ಇದನ್ನೂ ಅದೇ ದನಿಯಲ್ಲಿ ಹೇಳುತ್ತೇನೆ.

ಆಗ ನನಗೆ ಕ್ವಾಂಟಮ್ ಡಾಟ್‌ಗಳ ಗುಂಗು. ಮುರುಗಲ ಹಣ್ಣಿನ ಸಿಪ್ಪೆಯ ರಸವನ್ನು ಬಿಗಿಯಾಗಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಕಾಯಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣಗಳು ಹುಟ್ಟುತ್ತವೆ, ಅವೇ ಈ ಡಾಟ್‌ಗಳು. ನೇರಳಾತೀತ ಟಾರ್ಚು ಹಿಡಿದರೆ ಆ ದ್ರಾವಣ ನೀಲಿಯಾಗಿ ಬೆಳಗುತ್ತದೆ. ಅದಕ್ಕೆ ಬೆರೆಸಿದ ನೀರಿನಲ್ಲಿ ತಾಮ್ರದ ಅಯಾನುಗಳಿದ್ದರೆ ಅವು ಕಣಗಳಿಗೆ ಅಂಟಿಕೊಂಡು ಬೆಳಕು ಮಂಕಾಗುತ್ತದೆ. ತಾಮ್ರ ಹೆಚ್ಚಿದಷ್ಟೂ ಮಂಕು ಹೆಚ್ಚು. ನನ್ನ ಡಾಟ್‌ಗಳು ಒಳ್ಳೆಯವು — ಈ ಮಾತಿನಿಂದ ಇವತ್ತಿಗೂ ಹಿಂದೆ ಸರಿಯುವುದಿಲ್ಲ. ಅವು ಸುಳ್ಳು ಹೇಳಲಿಲ್ಲ, ಸುಳ್ಳು ಹೇಳಿದ್ದು ಅವನ್ನು ಮಾಡಿದವಳು.

ಮಿರ್ಜಾನದ ನಿಮ್ಮ ಕೇರಿಗೆ ಬಾವಿಗಳ ನೀರು ಪರೀಕ್ಷಿಸಲು ನಾನು ಬಂದದ್ದು ಬೇಸಿಗೆಯಲ್ಲಿ. ಹೊಳೆಗೇರಿದ ಕಡಲ ಉಪ್ಪು ಒಳಬಂದು ಉಳಿದ ಬಾವಿಗಳೆಲ್ಲ ಕೆಟ್ಟಾಗ ಇಡೀ ಕೇರಿ ಕುಡಿಯುತ್ತಿದ್ದದ್ದು ನಿಮ್ಮ ಬಾವಿಯ ನೀರು. ಆ ಉಪ್ಪು ಬಾವಿಗಳ ನೀರನ್ನು ನಾನೇ ಸೇದಿ ತುಂಬಿಕೊಂಡಿದ್ದೆ. ಕೊನೆಗೆ ಬಾಟಲಿ ಹಿಡಿದು ನಿಮ್ಮ ಬಾವಿಯತ್ತ ಹೊರಟಾಗ ನಿಮ್ಮ ಹೆಂಡತಿ ಮಾದೇವಕ್ಕ ತಡೆದರು.

"ಬಾವಿಗೆ ಎಂತಕ್ಕೆ ಹೋಗ್ತೆ ತಂಗಿ? ಕುಡಿಯ ನೀರು ಒಳಗೇ ಇದ್ದು."

ಹಿಂದಿನ ಸಂಜೆ ತುಂಬಿಟ್ಟ ತಾಮ್ರದ ಕೊಡದಿಂದ ಬಾಟಲಿ ತುಂಬಿಸಿ ಕೊಟ್ಟರು. ಬಂದವರಿಗೆ ಕೊಡದ ನೀರು ಕೊಡುವುದು ಮರ್ಯಾದೆ. ನಮ್ಮನೆಯಲ್ಲೂ ಅಂಥದೇ ಕೊಡ, ಅದೇ ರೂಢಿ. ಹೊರಗಿನವರು ಯಾರಾದರೂ ಆಗಿದ್ದರೆ ಒಂದು ಪ್ರಶ್ನೆ ಕೇಳುತ್ತಿದ್ದರು. ನನಗೆ ಆ ಕೊಡ ಕಣ್ಣಿಗೇ ಬೀಳಲಿಲ್ಲ — ಹುಟ್ಟಿದಾಗಿನಿಂದ ಕಂಡದ್ದು ಕಣ್ಣಿಗೆ ಬೀಳುವುದು ಕಷ್ಟ.

ನಿಮ್ಮ ಜಗಲಿಯಲ್ಲೇ ಡಾಟ್ ಬೆರೆಸಿ ಟಾರ್ಚು ಹಿಡಿದೆ. ಉಪ್ಪು ಬಾವಿಗಳ ನೀರು ಬೆಳಗಿತು, ನಿಮ್ಮದು ಮಂಕಾಯಿತು. ನೋಡಲು ನೆರೆದಿದ್ದವರ ಎದುರು ಅಂದುಬಿಟ್ಟೆ: "ಈ ಬಾವಿಯಲ್ಲಿ ತಾಮ್ರ ಇದೆ. ಅಡಿಕೆಗೆ ಹೊಡೆಯುವ ಮೈಲುತುತ್ತವೇ ಇಳಿದಿರಬೇಕು."

ಮರುದಿನದಿಂದ ನಿಮ್ಮ ಬಾವಿಗೆ ಯಾರೂ ಬರಲಿಲ್ಲ, ಟ್ಯಾಂಕರಿಗೆ ಕಾದರು. ಆ ಮಳೆಗಾಲ ನೀವು ತೋಟಕ್ಕೆ ಮೈಲುತುತ್ತದ ಮದ್ದು ಹೊಡೆಯಲಿಲ್ಲ. ಕೊಳೆರೋಗ ಬಂದು ಅಡಿಕೆ ಉದುರಿತು.

ನನಗೆ ನಿಜ ತಿಳಿದದ್ದು ನನ್ನದೇ ಅಡುಗೆಮನೆಯಲ್ಲಿ. ಅಮ್ಮನಿಗೆ ತೋರಿಸೋಣವೆಂದು ನಮ್ಮ ಕೊಡದ ನೀರಿಗೆ ಡಾಟ್ ಬೆರೆಸಿದೆ — ಮಂಕು. ಹಿತ್ತಿಲಿಗೆ ಓಡಿ ಆಗಷ್ಟೇ ಸೇದಿದ ನೀರಿಗೆ ಬೆರೆಸಿದೆ — ಬೆಳಕು. ತಾಮ್ರ ಬಾವಿಯದಲ್ಲ, ರಾತ್ರಿಯಿಡೀ ನೀರು ನಿಂತ ಕೊಡದ್ದು. ನೀವಿಬ್ಬರೂ ಮದುವೆಗೆ ಹೋಗಿದ್ದ ದಿನ ಬಂದು, ಕಳ್ಳಿಯ ಹಾಗೆ ನಿಮ್ಮ ಬಾವಿಯಿಂದ ನೀರು ಸೇದಿಕೊಂಡು ಹೋದೆ. ಅದು ಎಲ್ಲಕ್ಕಿಂತ ಚೆನ್ನಾಗಿ ಬೆಳಗಿತು.

ಅಂದೇ ಹೇಳಬಹುದಿತ್ತು. ಆದರೆ ಹೊನ್ನಾವರದ ವಿಚಾರಸಂಕಿರಣಕ್ಕೆ ನನ್ನ ಪ್ರಬಂಧ ಸಿದ್ಧವಾಗಿತ್ತು, ಅದರಲ್ಲಿ ಎಲ್ಲರೂ ಕಣ್ಣರಳಿಸುವ ಭಾಗವೇ ನಿಮ್ಮ ಬಾವಿ. ಓದಿದೆ. ಚಪ್ಪಾಳೆ ಬಿತ್ತು. ಆಮೇಲೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ನಿಮಗೊಂದು ಫೋನು ಮಾಡಿದೆ — "ಬಾವಿಯ ಕೆಸರು ತೆಗೆಸಿ, ಆಮೇಲೆ ಕುಡಿಯಬಹುದು." ಬಾವಿಯನ್ನು ಬಿಡಿಸಿದೆ, ಅಪವಾದವನ್ನು ನಿಮ್ಮ ತಲೆಯ ಮೇಲೇ ಬಿಟ್ಟೆ. ಎಷ್ಟು ಜಾಣತನ! ನೆನೆದರೆ ನನ್ನ ಮೇಲೇ ಹೇಸಿಗೆ ಹುಟ್ಟುತ್ತದೆ.

ನೀವು ಕೆಸರು ತೆಗೆಸಿದಿರಿ. ನಂತರ ನಡೆದದ್ದನ್ನು ಈ ವರ್ಷ ಕಾಲೇಜಿಗೆ ಸೇರಿದ ನಿಮ್ಮ ಕೇರಿಯ ಹುಡುಗಿ ಹೇಳಿದಳು, ಅದೂ ನಿಮ್ಮನ್ನು ಹೊಗಳುತ್ತಾ. ನೀವು ಮನೆಮನೆಗೂ ಹೋಗಿ ಕೈಮುಗಿದು ನಿಂತಿರಂತೆ. "ಗೊತ್ತಿಲ್ದೇ ಆತು. ನನ್ನಿಂದ ತಪ್ಪಾತು. ಇನ್ನು ನೀರಿಗೆ ಬನ್ನಿ." ಮಕ್ಕಳಿದ್ದ ಮನೆಯಲ್ಲಿ ಎರಡೆರಡು ಸಲ ಕೈಮುಗಿದಿರಂತೆ. ಕೆಲವರು ಕ್ಷಮಿಸಿದರು. ಒಂದು ಮನೆಯವರು ಬಾಗಿಲು ಹಾಕಿಕೊಂಡರು, ಇಂದಿಗೂ ನಿಮ್ಮ ಬಾವಿಯತ್ತ ಸುಳಿಯುವುದಿಲ್ಲ. ಅವಳ ಮಾತು ಮುಗಿಯುವ ಮೊದಲೇ ನಾನು ಎದ್ದೆ. ಸ್ಟಾಫ್ ರೂಮಿಗೆ ಹೋಗಿ ಕೂತೆ.

ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆಂದು ಸಂಕಿರಣದವರಿಗೆ ನಿನ್ನೆ ತಿಳಿಸಿದೆ. ಅದು ಸುಲಭದ ಕೆಲಸ. ಭಾನುವಾರ ಮಿರ್ಜಾನಕ್ಕೆ ಬರುತ್ತೇನೆ. ನೀವು ಕೈಮುಗಿದ ಒಂದೊಂದು ಬಾಗಿಲಲ್ಲೂ ನಿಂತು, ತಪ್ಪು ಸುಬ್ರಾಯಣ್ಣನದಲ್ಲ, ನನ್ನದು ಎನ್ನುತ್ತೇನೆ. ಮುಚ್ಚಿದ ಬಾಗಿಲನ್ನು ಮೊದಲು ತಟ್ಟುತ್ತೇನೆ. ನಿಮ್ಮ ಮನೆಗೆ ಕೊನೆಯಲ್ಲಿ. ಮಾದೇವಕ್ಕ ಕುಡಿಯಲು ನೀರು ಕೊಟ್ಟರೆ ಕುಡಿಯುತ್ತೇನೆ. ಕೊಡದಿದ್ದರೆ, ಕೇಳುವ ಮುಖ ನನಗಿಲ್ಲ.