ಆರಾಮ ಎಂದು ಬರೆದ ಇಪ್ಪತ್ತಾರು ದಿನ

ಆ ದಿನ ಬೆಳಗಿನಲ್ಲಿ ಮಾಡಿ ಮುಗಿಸಿದ್ದು ಇಷ್ಟು. ಎಂಟು ದಿನಕ್ಕೊಮ್ಮೆ ಬರುವ ನಳದ ನೀರು ನಸುಕಿನಲ್ಲೇ ಬಂತು; ಎರಡು ಬ್ಯಾರಲ್ಲು, ಒಂದು ಹಂಡೆ ತುಂಬಿಸಿದೆ. ಹದಿನಾಲ್ಕು ರೊಟ್ಟಿ ಬಡಿದೆ. ನಾಯಿಯ ಹೊಟ್ಟೆಯ ಕೆಳಗೆ ಹಳೆಯ ಟವೆಲು ತೂರಿಸಿ, ಅದರ ಹಿಂಭಾಗವನ್ನು ಎತ್ತಿ ಹಿಡಿದು ಹಿತ್ತಿಲಿಗೆ ಕರೆದೊಯ್ದೆ, ವಾಪಸು ಕರೆತಂದೆ. ಹೀಗೆ ಎರಡು ಸಲ. ಅರ್ಧ ಗುಳಿಗೆಯನ್ನು ಬೆಣ್ಣೆ ಸವರಿದ ರೊಟ್ಟಿ ತುಣುಕಿನಲ್ಲಿಟ್ಟು ತಿನ್ನಿಸಿದೆ. ಟೈಲ್ಸ್ ಮೇಲೆ ಅದು ಜಾರಬಾರದೆಂದು ಹಾಸಿದ್ದ ಗೋಣಿಚೀಲಗಳನ್ನು ಝಾಡಿಸಿ ಮತ್ತೆ ಹಾಸಿದೆ. ಮಧ್ಯಾಹ್ನ ನಾನು ಮನೆಯಲ್ಲಿರುವುದಿಲ್ಲವೆಂದು ಮನೆಯವರಿಗೆ ಡಬ್ಬಿ ಕಟ್ಟಿದೆ. ಕೊನೆಗೆ ನೀಲಿ ರಟ್ಟಿನ ಪುಸ್ತಕ ತೆಗೆದು, ‘ಎದ್ದು ನಡೆಯುವಾಗ ನೋವು’ ಎಂಬುದರ ಮುಂದೆ ಎರಡು ಎಂದು ಬರೆದೆ.

ಎರಡಲ್ಲ, ಎಂಟಾದರೂ ಇತ್ತು.

ಆ ಪುಸ್ತಕ ನಮ್ಮದಲ್ಲ, ಡಾಕ್ಟರದು. ನಾಯಿಗಳ ಕೀಲುನೋವಿನ ಮೇಲೆ ಸಂಶೋಧನೆ ಮಾಡುವ ಪಶುವೈದ್ಯರು ಇಬ್ಬರು ನಮ್ಮ ಸೀಮೆಗೆ ಬಂದಿದ್ದರು. ಒಬ್ಬರು ವಯಸ್ಸಾದ ಹಿರಿಯರು, ಇನ್ನೊಬ್ಬರು ಮೂವತ್ತರ ಆಚೀಚಿನ ಹೆಣ್ಣುಮಗಳು. ಮುಧೋಳ ತಳಿಯ ಬೇಟೆನಾಯಿಗಳು ಇಲ್ಲಿ ಹಳ್ಳಿಹಳ್ಳಿಯಲ್ಲಿವೆ, ಮುದಿಯಾದ ಮೇಲೆ ಅವುಗಳ ಸೊಂಟ, ಮೊಣಕಾಲು ಹೇಗೆ ಕೆಡುತ್ತವೆ, ಎಷ್ಟು ಔಷಧಿಗೆ ಎಷ್ಟು ನಡೆಯುತ್ತವೆ ಎಂದು ನೋಡುವುದು ಅವರ ಕೆಲಸ. ತಿಂಗಳಿಗೊಮ್ಮೆ ಸವದತ್ತಿಯ ಒಂದು ಕಲ್ಯಾಣ ಮಂಟಪದ ಹಿಂದಿನ ಶೆಡ್ಡಿನಲ್ಲಿ ಉದ್ದನೆಯ ಕರಿ ಚಾಪೆ ಹಾಸುತ್ತಿದ್ದರು. ನಾಯಿ ಅದರ ಮೇಲೆ ನಡೆದರೆ ಯಾವ ಕಾಲಿನ ಮೇಲೆ ಎಷ್ಟು ಭಾರ ಬಿತ್ತು ಎಂಬುದು ಲ್ಯಾಪ್‌ಟಾಪಿನಲ್ಲಿ ಕಾಣುತ್ತಿತ್ತು.

ನಮ್ಮ ನಾಯಿ ಸಾಲಹಳ್ಳಿಯ ನಾದಿನಿಯ ಮನೆಯಿಂದ ಮರಿಯಿದ್ದಾಗ ಬಂದದ್ದು. ಬೈಲಹೊಂಗಲದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಮುಂದೆ ಮನೆಯವರು ದನಕ್ಕೆ ಹಿಂಡಿ, ಹತ್ತಿಕಾಳು ಮಾರುವ ಅಂಗಡಿ. ಮೊದಲೆಲ್ಲ ಅಂಗಡಿಯ ಕಟ್ಟೆಯಿಂದ ಒಂದೇ ನೆಗೆತಕ್ಕೆ ರಸ್ತೆಗೆ ಇಳಿಯುತ್ತಿತ್ತು. ಒಂಬತ್ತನೇ ವರ್ಷಕ್ಕೆ ಕಟ್ಟೆಯ ಅಂಚಿಗೆ ಬಂದು ನಿಂತು, ಕೆಳಗೆ ನೋಡಿ, ತಿರುಗಿ ಬರತೊಡಗಿತು. ಸೊಂಟದ ಕೀಲು ಸವೆದಿದೆ ಎಂದರು ಡಾಕ್ಟರು.

ನನಗೆ ಎಲ್ಲವನ್ನೂ ಬರೆದಿಡುವ ರೂಢಿ. ಗ್ಯಾಸ್ ಸಿಲಿಂಡರ್ ಯಾವಾಗ ಹಚ್ಚಿದೆ, ಹೆಪ್ಪು ಯಾವ ದಿನ ಹುಳಿಯಾಯಿತು, ಎಲ್ಲ. ಇದನ್ನು ಕೇಳಿ ಡಾಕ್ಟರಮ್ಮ ಖುಷಿಪಟ್ಟಿದ್ದರು. ಅವರು ಮೈಸೂರು ಕಡೆಯವರು. "ಅಕ್ಕಾ, ಈ ಚಾಪೆ ಹತ್ತು ಹೆಜ್ಜೆ ನೋಡತ್ತೆ ಅಷ್ಟೆ. ಹೊಸ ಜಾಗಕ್ಕೆ ಬಂದ ನಾಯಿ ಉಮೇದಿನಲ್ಲಿ ನೋವು ಮರೆತು ನಡೆದುಬಿಡತ್ತೆ. ಇಡೀ ದಿನ ನೋಡೋರು ನೀವು. ಸೊನ್ನೆ ಅಂದ್ರೆ ನೋವಿಲ್ಲ, ಹತ್ತು ಅಂದ್ರೆ ಏಳೋಕೇ ಆಗ್ತಿಲ್ಲ. ಇದ್ದದ್ದು ಇದ್ದಹಾಗೆ ಬರೀರಿ. ಇಲ್ಲಾಂದ್ರೆ ಆ ನಾಯೀನ ಪಟ್ಟಿಯಿಂದ ತೆಗೀಬೇಕಾಗತ್ತೆ," ಎಂದು ಪುಸ್ತಕ ಕೈಗಿಟ್ಟಿದ್ದರು.

ಮೊದಲ ಹನ್ನೆರಡು ದಿನ ಇದ್ದದ್ದನ್ನೇ ಬರೆದೆ. ಆರು, ಏಳು, ಏಳು, ಆರು. ತಪ್ಪಾದರೆ ಅಳಿಸಲು ಬರಲಿ ಎಂದು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಅದೇ ಮುಳುವಾಯಿತು.

ಹನ್ನೆರಡನೇ ದಿನ ಡಾಕ್ಟರಮ್ಮನ ಫೋನು ಬಂತು. ಕಿತ್ತೂರಿನಲ್ಲಿ ಎರಡು ನಾಯಿ ನೋಡಿ ಬೈಲಹೊಂಗಲದ ಕಡೆ ಹೊರಟಿದ್ದೇನೆ, ಮನೆಗೆ ಬಂದು ಹೋಗುತ್ತೇನೆ ಎಂದರು. ಊಟಕ್ಕೆ ಬಂದಿದ್ದ ಮನೆಯವರು ಫೋನು ತೆಗೆದುಕೊಂಡು, "ಬರ್ರಿ ಬರ್ರಿ, ಆರಾಮ ಐತ್ರಿ ನಾಯಿ. ನಿಮ್ಮ ಗುಳಿಗಿ ಬಾಳ ಚಲೋ ಹತ್ಯಾವು. ಮನಿತುಂಬ ಓಡ್ಯಾಡಾಕ ಹತ್ತೈತ್ರಿ," ಎಂದುಬಿಟ್ಟರು. ಆ ಕಡೆಯಿಂದ ಆಕೆಯ ನಗು ನನಗೂ ಕೇಳಿಸಿತು.

"ಅಲ್ರೀ, ಎಲ್ಲಿ ಓಡ್ಯಾಡೇತಿ? ಪುಸ್ತಕದಾಗ ಏಳು ಅಂತ ಬರದೇನಿ ನಾ," ಎಂದೆ.

"ಪಾಪ, ಬಿಸಲಾಗ ಅಷ್ಟ ದೂರದಿಂದ ಬರಾಕತ್ತಾರ. ಬಂದ ಕೂಡಲೇ ಕುಂಟತೈತಿ, ನರಳತೈತಿ ಅಂತ ಹೇಳೂದೇನ? ಅವರ ಮಾರಿ ಸಪ್ಪಗ ಆಗೂದಿಲ್ಲ?"

"ಪುಸ್ತಕ ನೋಡಿದ್ರ ನಿಮ್ಮನ್ನ ಏನಂತಾರ?"

"ಅದಕ್ಕ ಏನಾತು, ಅಳಸು. ಪೆನ್ಸಿಲ್ಲ ಅಲ್ಲೇನು?"

ಅವರನ್ನು ಬಯ್ಯುವುದು ಸುಲಭ, ಆದರೆ ರಬ್ಬರು ಹಿಡಿದದ್ದು ನನ್ನ ಕೈ. ಒಲೆಯ ಮೇಲೆ ಅವಲಕ್ಕಿಗೆ ಉಳ್ಳಾಗಡ್ಡಿ ಬೇಯುತ್ತಿತ್ತು. ಗಂಡನ ಮಾತು ಸುಳ್ಳಾಗಬಾರದು, ಬಂದವರ ಮುಖ ಸಣ್ಣದಾಗಬಾರದು ಎಂಬುದು ಬಿಟ್ಟರೆ ಬೇರೆ ಏನೂ ತಲೆಗೆ ಬರಲಿಲ್ಲ. ಹನ್ನೆರಡು ಪುಟದಲ್ಲೂ ಅಳಿಸಿ ಎರಡು, ಮೂರು, ಎರಡು ಎಂದು ತುಂಬಿದೆ. ಡಾಕ್ಟರಮ್ಮ ಬಂದಾಗ ನಾಯಿಯೂ ನಮ್ಮಂತೆಯೇ ಮಾಡಿತು. ಮಲಗಿದ್ದದ್ದು ಎದ್ದು, ಬಾಲ ಆಡಿಸುತ್ತ ಬಾಗಿಲಿನವರೆಗೆ ಹೋಗಿ ಅವರ ಕೈ ನೆಕ್ಕಿ ಬಂತು. ಅವರು ಸೊಂಟ ಮುಟ್ಟಿ ನೋಡಿದರು, ಪುಟಗಳನ್ನು ತಿರುವಿದರು, ಹಿರಿಯ ಡಾಕ್ಟರಿಗೆ ಫೋನು ಮಾಡಿದರು. ಗುಳಿಗೆ ಹೆಚ್ಚು ದಿನ ಪೂರ್ತಿ ಕೊಟ್ಟರೆ ಹೊಟ್ಟೆಗೆ ತೊಂದರೆ, ಇಷ್ಟು ಗುಣವಿದ್ದರೆ ಅರ್ಧಕ್ಕೆ ಇಳಿಸೋಣ ಎಂದು ಇಬ್ಬರೂ ಮಾತಾಡಿಕೊಂಡರು. ಅವಲಕ್ಕಿಯನ್ನು ಎರಡನೇ ಸಲ ಹಾಕಿಸಿಕೊಂಡು ತಿಂದರು. ಗುಳಿಗೆ ಇಳಿಸುವುದು ಬೇಡ ಎಂದು ನಾನು ಹೇಳಲಿಲ್ಲ.

ಅಲ್ಲಿಂದ ಹದಿನಾಲ್ಕು ದಿನ.

ಮೂರನೇ ದಿನಕ್ಕೆ ನಾಯಿ ಹೊಸ್ತಿಲು ದಾಟುವುದನ್ನು ಬಿಟ್ಟಿತು. ಐದನೇ ದಿನದಿಂದ ನಸುಕಿನಲ್ಲಿ ಕುಂಯ್‌ಗುಡುವುದು ಶುರುವಾಯಿತು. ಮುಂಗಾಲು ಊರಿ ಏಳುತ್ತಿತ್ತು, ಹಿಂಗಾಲು ಬರುತ್ತಿರಲಿಲ್ಲ. ಅರ್ಧ ಎದ್ದು ನನ್ನ ಕಡೆ ನೋಡುತ್ತಿತ್ತು. ಟವೆಲು ಹಾಕಿ ಎತ್ತಿ ಎತ್ತಿ ನನ್ನ ಭುಜ ಹಿಡಿಯಿತು. ಆದರೂ ಪುಸ್ತಕದಲ್ಲಿ ಎರಡು, ಎರಡು, ಮೂರು. ಒಮ್ಮೆಲೆ ಎಂಟು ಬರೆದರೆ ಹಿಂದಿನದೆಲ್ಲ ಹೊರಬೀಳುತ್ತದಲ್ಲ! ನಾಯಿ ಪಟ್ಟಿಯಿಂದ ಹೋದರೆ ಡಾಕ್ಟರರ ಕೈಯಿಂದಲೂ ಹೋಯಿತು ಎಂದು ನಾನು ತಿಳಿದಿದ್ದೆ. ಕೀಲು ಬಲ್ಲ ಡಾಕ್ಟರನ್ನು ಮತ್ತೆ ಎಲ್ಲಿ ಹುಡುಕುವುದು? ಹೇಳಿದರೆ ಡಾಕ್ಟರನ್ನು ಕಳೆದುಕೊಳ್ಳುತ್ತೇನೆ, ಹೇಳದಿದ್ದರೆ ನಾಯಿಯ ಕಾಲು ಹೋಗುತ್ತದೆ. ಹಿಟ್ಟು ನಾದುವಾಗ, ಕಸ ಹೊಡೆಯುವಾಗ ಇದೇ ಸುತ್ತು.

ಸವದತ್ತಿಗೆ ಹೋಗುವ ಆ ದಿನ ಬೆಳಗ್ಗೆ, ಮತ್ತೆ ಎರಡು ಎಂದು ಬರೆದ ಪುಸ್ತಕ ಮುಚ್ಚಿ ಮನೆಯವರಿಗೆ ಹೇಳಿದೆ: "ನಾ ಇವತ್ತ ಖರೆ ಹೇಳತೇನಿ."

"ಬರದದ್ದು ಬರದಾತು. ಇನ್ನೊಂದ ತಿಂಗಳ ನೋಡೂಣು."

"ಆ ತಿಂಗಳು ಎತ್ತಾವ್ರು ಯಾರ್ರಿ? ನೀವ ಎತ್ತತೀರಿ?"

ಅವರು ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದರು.

ಬಸ್ಸಿನಲ್ಲಿ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ನಮ್ಮ ಅಂಗಡಿಯ ಚೀಲ ಸಾಗಿಸುವ ಟೆಂಪೋದ ಚಾಚಾ ಆ ದಿನ ಸವದತ್ತಿಗೆ ಹಿಂಡಿ ಒಯ್ಯುವವರಿದ್ದರು. ಓಣಿಗೆಲ್ಲ ಅವರು ಚಾಚಾ. ಇಬ್ಬರೂ ಸೇರಿ ನಾಯಿಯನ್ನು ಚೀಲಗಳ ನಡುವೆ ಮಲಗಿಸಿದೆವು.

"ಏನ ತಂಗೆವ್ವಾ, ನಿನ್ನ ಗಂಡ ನಾಯಿ ಓಡಾಕತ್ತೈತಿ ಅಂತಿದ್ದ. ಇದು ನೋಡಿದ್ರ ನನಗಿಂತ ಮುದಕಿ ಆಗೇತಿ!"

"ಸುಳ್ಳ ಹೇಳ್ಯಾರ ಚಾಚಾ. ನಾನೂ ಹೇಳೇನಿ."

"ತೌಬಾ, ಡಾಕ್ಟರ್‌ಗೆ ಸುಳ್ಳ ಹೇಳತಾರೇನ? ಪೊಲೀಸರಿಗೆ ಹೇಳಬೇಕವ್ವಾ ಸುಳ್ಳು!" ಎಂದು ಅವರು ಗೇರ್ ಹಾಕಿದರು. ಮುಂದೆ ನಗಲಿಲ್ಲ. ಪ್ರತಿ ತಗ್ಗಿಗೂ ಗಾಡಿಯನ್ನು ನಿಧಾನ ಮಾಡಿ ಇಳಿಸಿದರು. ದಾರಿ ಒಂದೂವರೆ ತಾಸು ಹಿಡಿಯಿತು.

ಶೆಡ್ಡಿನಲ್ಲಿ ಹತ್ತೆಂಟು ನಾಯಿಗಳು, ಅವುಗಳ ಮಂದಿ. ಕರಿ ಚಾಪೆಯ ಒಂದು ತುದಿಯಲ್ಲಿ ಹಿರಿಯ ಡಾಕ್ಟರು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು, ಇನ್ನೊಂದು ತುದಿಯಲ್ಲಿ ಡಾಕ್ಟರಮ್ಮ ಅಳತೆ ಟೇಪು ಹಿಡಿದು ನಿಂತಿದ್ದರು. "ಸಾಹೇಬ್ರ, ನನ್ನ ಮೊಣಕಾಲೂ ಒಮ್ಮೆ ಇದರ ಮ್ಯಾಲ ನಡಸ್ರಿ, ಎಷ್ಟ ಭಾರ ಬೀಳತೈತಿ ನೋಡೂಣು," ಎಂದು ಚಾಚಾ ಕೇಳಿದ್ದಕ್ಕೆ ಹಿರಿಯರು ತಲೆ ಎತ್ತದೆಯೇ, "ನಾಲ್ಕು ಕಾಲು ಇದ್ದರೆ ಬನ್ನಿ," ಎಂದರು.

ನಮಗಿಂತ ಮೊದಲು ಹೂಲಿಯ ರೈತನೊಬ್ಬನ ಸರದಿ. ಅವನ ನಾಯಿ ಎಡಗಾಲನ್ನು ನೆಲಕ್ಕೆ ಊರದೆ ಮೂರೇ ಕಾಲಲ್ಲಿ ನಿಂತಿತ್ತು. ಡಾಕ್ಟರಮ್ಮ, "ಹೇಗಿದೆ?" ಎಂದರು. ಅವನು ಬೀಗರಿಗೆ ಹೇಳುವಂತೆ, "ಆರಾಮ ಐತ್ರಿ ಡಾಕ್ಟರ ಬಾಯಾರ, ನಿಮ್ಮ ಆಶೀರ್ವಾದ," ಎಂದ. ಆಕೆ ನಾಯಿಯ ಕಾಲನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಏನೋ ಬರೆದುಕೊಂಡರು.

ನಮ್ಮ ನಾಯಿಯನ್ನು ಇಳಿಸಿ ಚಾಪೆಯ ಬಳಿ ತಂದಾಗ ಅದು ನಡೆಯಲಿಲ್ಲ, ಕೂತುಬಿಟ್ಟಿತು. ಡಾಕ್ಟರಮ್ಮ ಪುಸ್ತಕ ತೆಗೆದರು. "ಅಕ್ಕಾ, ಇವತ್ತು ಬೆಳಗ್ಗೆನೂ ಎರಡು ಅಂತಿದೆಯಲ್ಲ?"

"ಸುಳ್ರಿ ಅದು," ಎಂದೆ. "ಇವತ್ತಿನದಷ್ಟ ಅಲ್ರಿ. ಎಲ್ಲಾನೂ. ಮೊದಲಿನ ಹನ್ನೆರಡು ದಿನದ್ದು ಖರೆ ಇತ್ತು, ನೀವು ಮನಿಗೆ ಬರೂ ದಿವಸ ಅಳಸಿದೆ. ಆಮ್ಯಾಲಿಂದು ಬರಿಯೂವಾಗನ ಸುಳ್ಳು."

ಅವರು ಪುಸ್ತಕದ ಪುಟವನ್ನು ಬೆಳಕಿಗೆ ಓರೆ ಮಾಡಿ ಹಿಡಿದರು. ಅಳಿಸಿದ ಪೆನ್ಸಿಲಿನ ಗೀರು ಕಾಗದದಲ್ಲಿ ಉಳಿದಿತ್ತು. "ಇಲ್ಲಿ ಏಳು," ಎಂದರು. ಇನ್ನೊಂದು ಪುಟ. "ಇಲ್ಲೂ ಏಳು. ನಾನು ಏಳಿದ್ದ ನಾಯಿಗೆ ಮಾತ್ರೆ ಅರ್ಧ ಮಾಡಿದೆನಾ?" ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವರು ಗೋಡೆಗೆ ಒರಗಿ ನೆಲದಲ್ಲೇ ಕೂತು, ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಆಮೇಲೆ ಟೇಪು ಹಿಡಿದು ಹಿಂಗಾಲಿನ ತೊಡೆಯ ಸುತ್ತಳತೆ ತೆಗೆದರು. ಮೊದಲ ದಿನದ್ದಕ್ಕಿಂತ ಕಡಿಮೆಯಿತ್ತು. ನೋವಿಗೆ ಹೆದರಿ ಕಾಲು ಬಳಸದೆ ಮಾಂಸ ಕರಗಿದೆ, ಅದು ಮತ್ತೆ ತುಂಬಲು ತಿಂಗಳುಗಳು ಬೇಕು, ಪೂರ್ತಿ ತುಂಬುತ್ತದೆಂದು ಹೇಳಲಾರೆ ಎಂದರು. ಹಿರಿಯ ಡಾಕ್ಟರು ಬಂದು ನೋಡಿ, ಈ ಪುಸ್ತಕ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಡಾಕ್ಟರಮ್ಮ ಪ್ರತಿ ಪುಟಕ್ಕೂ ಓರೆ ಗೆರೆ ಎಳೆದು, ಕೆಳಗೆ ಸಹಿ ಹಾಕುತ್ತ ಹೋದರು. ಪುಟ ಮಗುಚದಂತೆ ನಾನು ಹಿಡಿದುಕೊಂಡೆ. ಇಪ್ಪತ್ತಾರು ಗೆರೆ.

"ಪಟ್ಟೀಲಿ ಇನ್ನು ನಿಮ್ಮ ನಾಯಿ ಇರಲ್ಲ," ಎಂದರು. "ಮಾತ್ರೆ ಇವತ್ತಿಂದ ಪೂರ್ತಿ ಕೊಡಿ. ಮುಂದಿನ ತಿಂಗಳೂ ಕರ್ಕೊಂಡು ಬನ್ನಿ."

"ಪಟ್ಟಿಯೊಳಗ ಇರಲಿಲ್ಲಂದ್ರೂ ನೋಡತೀರೇನ್ರಿ?"

"ಕಾಯಿಲೆ ನಾಯೀನ ಬಿಟ್ಟು ಹೋಗೋಕೆ ಆಗತ್ತಾ ಅಕ್ಕಾ? ಅದಕ್ಕೇನಾ ನೀವು ಇಷ್ಟು ದಿನ ಹೇಳಲಿಲ್ಲ?"

ನಾನು ಹೌದೆಂದೆ. ಹದಿನಾಲ್ಕು ದಿನ ನಾಯಿ ಸುಮ್ಮನೆ ಅನುಭವಿಸಿತಲ್ಲ!

ಅವರು ಮೇಜಿನ ಮೇಲೆ ಅಟ್ಟಿಯಾಗಿದ್ದ ಉಳಿದ ನೀಲಿ ಪುಸ್ತಕಗಳತ್ತ ನೋಡಿದರು. "ಇವೆಲ್ಲ?"

"ಗೊತ್ತಿಲ್ರಿ. ಆದ್ರ ನಮ್ಮ ಕಡೆ ಹ್ಯಾಂಗದೀರಿ ಅಂದ್ರ ಜ್ವರ ಬಂದು ಮಲಗಿದಾವರೂ ಆರಾಮ ಅಂತಾರ. ಖರೆ ಬರೂದು ಚಹಾ ಕುಡದ ಮ್ಯಾಲ, ಅದೂ ಎರಡನೇ ಸಲ ಕೇಳಿದ್ರ."

ಹಿರಿಯ ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಇದನ್ನ ಯಾವ ಕಾಲೇಜಿನಲ್ಲೂ ನಮಗೆ ಹೇಳಿಕೊಡಲಿಲ್ಲ," ಎಂದರು. ಚಾಚಾ ಹೋಗಿ ಕೆಟಲಿನಲ್ಲಿ ಚಹಾ ತಂದರು. ಎಲ್ಲರೂ ಕುಡಿದ ಮೇಲೆ ನಾನೂ ಡಾಕ್ಟರಮ್ಮನೂ ಒಬ್ಬೊಬ್ಬರ ಬಳಿ ಮತ್ತೆ ಹೋದೆವು. ಹೂಲಿಯ ರೈತನ ಪಕ್ಕ ಕೂತು ನಾನು, "ಅಣ್ಣಾ, ನಾನೂ ಸುಳ್ಳ ಬರದಿದ್ದೆ, ಈಗ ಎಲ್ಲಾ ಕಾಟು ಹೊಡದ್ರು. ನಿಮ್ಮದು ಖರೆ ಹ್ಯಾಂಗೈತಿ?" ಎಂದೆ. ಅವನು ಕಪ್ಪನ್ನು ತಿರುಗಿಸುತ್ತ ಕೂತ. "ಎಂಟ ದಿನಾ ಆತ್ರಿ, ಎಡಗಾಲು ನೆಲಕ್ಕ ಹಚ್ಚಿಲ್ಲ," ಎಂದ. "ಬಾಯಾರು ಬ್ಯಾಸರ ಮಾಡ್ಕೋತಾರಂತ ಹೇಳಲಿಲ್ರಿ." ಡಾಕ್ಟರಮ್ಮ ಬೇಸರ ಮಾಡಿಕೊಂಡೇ ಬರೆದುಕೊಂಡರು. ಎಲ್ಲರನ್ನೂ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಗೆರೆ ಹೊಡೆಯಬೇಕಾದ ಪುಸ್ತಕಗಳು ಇನ್ನೂ ನಾಲ್ಕು ಸಿಕ್ಕಿದ್ದವು. ತಿಂಗಳ ಕೆಲಸ ಹಾಳಾದವರ ಮುಂದೆ ಏನು ಹೇಳುವುದು? ಹೋಗಿ ಬರುತ್ತೇನೆ ಎಂದಷ್ಟೇ ಹೇಳಿ ಟೆಂಪೋ ಹತ್ತಿದೆ.

ಮನೆ ಮುಟ್ಟಿದಾಗ ಮನೆಯವರು ಅಂಗಡಿ ಬೇಗ ಮುಚ್ಚಿ ಕಟ್ಟೆಯ ಮೇಲೆ ಕೂತಿದ್ದರು. "ಏನಂದ್ರು?" ಎಂದರು. ತೊಡೆಯ ಮಾಂಸ ಕರಗಿದ್ದನ್ನು ಹೇಳಿದೆ. ಅವರು ಟೆಂಪೋದ ಹಿಂದೆ ಬಂದು, ನಾಯಿಯನ್ನು ಎರಡೂ ತೋಳಿನಲ್ಲಿ ಎತ್ತಿ ಒಳಗೆ ಒಯ್ದರು.

ರಾತ್ರಿ ಊಟಕ್ಕೆ ಬೆಳಗಿನ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಅಡುಗೆ ಹೊಸದಾಗಿ ಏನೂ ಮಾಡಲಿಲ್ಲ. ನಾಯಿಗೆ ನುಚ್ಚು ಮಜ್ಜಿಗೆ, ಅದರಲ್ಲಿ ಇಡೀ ಗುಳಿಗೆ. ನೋವು ಇಳಿಯಲು ಎರಡು ಮೂರು ದಿನ ಹಿಡಿಯಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಅದು ಬಲಮಗ್ಗುಲಿಗೆ ಮಲಗಿ ನೋಡಿತು, ಎಡಕ್ಕೆ ತಿರುಗಲು ಹೋಗಿ ಆಗದೆ ಕೂತಿತು. ಮನೆಯವರು ಪಕ್ಕದಲ್ಲಿ ಕೂತು ಸೊಂಟದ ಕೆಳಗೆ ಕೈಕೊಟ್ಟು ತಿರುಗಿಸಿದರು, ಕೈ ಹಾಗೆಯೇ ಇಟ್ಟುಕೊಂಡರು. ಒಂಬತ್ತು ಬಡಿಯುವ ಮೊದಲೇ ಗೋಡೆಗೆ ಒರಗಿ ಅವರಿಗೆ ನಿದ್ದೆ ಹತ್ತಿತು. ನಾಯಿಗೆ ಆಮೇಲೆ ನಿದ್ದೆ ಬಂತು.